ಬೀಡಿ ಬಿಟ್ಟ ಮೇಲಿನ ಪಿಂಚಣಿ: ಲೆಕ್ಕ ಕೇಳುವವರು ಯಾರು?



ಸಂಘದ ಮಾಸಿಕ ಸಭೆಯಲ್ಲಿ ಉಳಿತಾಯದ ಲೆಕ್ಕ ಓದುವಾಗ ಐದು ರೂಪಾಯಿ ಹೆಚ್ಚುಕಡಿಮೆಯಾದರೂ ನೀವು ಸುಮ್ಮನೆ ಬಿಡುವವರಲ್ಲ. ಪುಸ್ತಕ ತರಿಸಿ, ಕೂಡಿಸಿ ಕಳೆದು, ಬಡ್ಡಿ ಸರಿ ಇದೆಯೋ ಇಲ್ಲವೋ ನೋಡಿಯೇ ಸಹಿ ಹಾಕುತ್ತೀರಿ. ಆದರೆ ಅದೇ ಸಭೆಯಲ್ಲಿ ಕುಳಿತಿರುವ, ಬೀಡಿ ಕಟ್ಟಿ ಕಟ್ಟಿ ವಯಸ್ಸಾದ ಅಕ್ಕಂದಿರನ್ನು "ನಿಮಗೆ ಪಿ.ಎಫ್. ಪಿಂಚಣಿ ಎಷ್ಟು ಬರುತ್ತದೆ? ಅದನ್ನು ಹೇಗೆ ಲೆಕ್ಕ ಹಾಕಿದರು?" ಎಂದು ಕೇಳಿ ನೋಡಿ. "ಗೊತ್ತಿಲ್ಲ ಸಿಸ್ಟರ್, ಬ್ಯಾಂಕಿಗೆ ಬರ್ತದೆ, ಸಾವಿರ ಅಂತೆ. ಅವರು ಕೊಟ್ಟದ್ದು" ಎನ್ನುತ್ತಾರೆ.

"ಅವರು ಕೊಟ್ಟದ್ದು" ಎಂಬ ಈ ಮಾತಿನ ಬಗ್ಗೆಯೇ ಈ ಸಲ ಬರೆಯೋಣ ಎಂದುಕೊಂಡೆ. ಯಾಕೆಂದರೆ ನಮ್ಮ ದೇಶದಲ್ಲಿ ನಿವೃತ್ತರಾದವರು ಸಂಘ ಕಟ್ಟಿ, ಅರ್ಜಿ ಬರೆದು, ಕೋರ್ಟಿಗೆ ಹೋಗಿ, ಬೀದಿಯಲ್ಲಿ ಕುಳಿತು ಹೋರಾಡಿದ್ದೆಲ್ಲಾ ಈ ಒಂದು ಮಾತಿನ ವಿರುದ್ಧವೇ.

ಮೊದಲು ನಮ್ಮದೇ ಒಂದು ಸಂಘದ ಅಕ್ಕನ ಕಥೆ ಹೇಳುತ್ತೇನೆ. ಅವರು 1996ರಿಂದ ಒಂದು ಬ್ರಾಂಚಿಗೆ ಬೀಡಿ ಕಟ್ಟುತ್ತಿದ್ದರು. 2003ರಲ್ಲಿ ಆ ಬ್ರಾಂಚು ಮುಚ್ಚಿತು. ಮತ್ತೊಬ್ಬ ಕಂಟ್ರಾಕ್ಟರರ ಹತ್ತಿರ ಹೊಸ ಪುಸ್ತಕ ಮಾಡಿಸಿಕೊಂಡು 2019ರವರೆಗೆ ಕಟ್ಟಿದರು. 58 ತುಂಬಿತು, ಪಿಂಚಣಿಗೆ ಅರ್ಜಿ ಹಾಕಬೇಕು. ಕಂಟ್ರಾಕ್ಟರರ ಕಡೆಯವರು ನೋಡಿ, "ನಿಮ್ಮದು ಹದಿನಾರು ವರ್ಷದ ಸೇವೆ, ಸಾವಿರ ರೂಪಾಯಿ ಬರ್ಬಹುದು" ಎಂದರು. ಹಿಂದಿನ ಏಳು ವರ್ಷ ಎಲ್ಲಿ ಹೋಯಿತು? ಹಳೆಯ ಪಿ.ಎಫ್. ನಂಬರು ಬೇರೆ, ಹೊಸದು ಬೇರೆ. ಹಳೆಯದರಲ್ಲಿ ಮನೆಯಲ್ಲಿ ಕರೆಯುವ ಚಿಕ್ಕ ಹೆಸರು, ಆಧಾರ್ ಕಾರ್ಡಿನಲ್ಲಿ ಪೂರ್ತಿ ಹೆಸರು. ಎರಡೂ ಒಬ್ಬಳೇ ಹೆಂಗಸಿನದ್ದು ಎಂದು ಕಾಗದ ಹೇಳುವುದಿಲ್ಲ. ಅಕ್ಕ ಮೂರು ಸಲ ಒಬ್ಬರೇ ಹೋಗಿ ಬಂದರು. ಮೂರು ದಿನದ ಕೆಲಸವೂ ಹೋಯಿತು, ಬಸ್ಸಿನ ಖರ್ಚೂ ಹೋಯಿತು. ಕೊನೆಗೆ "ಬಿಡಿ ಸಿಸ್ಟರ್, ಸಾವಿರವಾದರೂ ಬರ್ತದಲ್ಲ" ಎಂದರು.

ಬಿಡಬಾರದು ಯಾಕೆ ಎಂಬುದಕ್ಕೆ ಲೆಕ್ಕ ಮುಂದೆ ಕೊಡುತ್ತೇನೆ. ಅದಕ್ಕೆ ಮುಂಚೆ, ಬೀಡಿ ಕಟ್ಟುವವಳಿಗೆ ಪಿಂಚಣಿ ಎಂಬುದು ಬಂದದ್ದಾದರೂ ಹೇಗೆ?

ಬೀಡಿ ಉದ್ದಿಮೆಗೆ ಭವಿಷ್ಯ ನಿಧಿ, ಅಂದರೆ ಪಿ.ಎಫ್., ಅನ್ವಯವಾದದ್ದು 1977ರಲ್ಲಿ. ಆಗ ಮಾಲೀಕರು ಒಂದು ತಕರಾರು ತೆಗೆದರು. ಕಾರ್ಖಾನೆಯಲ್ಲಿ ಕುಳಿತು ಕಟ್ಟುವವರು ನೌಕರರು ಹೌದು, ಆದರೆ ಮನೆಯ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಕಟ್ಟುವ ಹೆಂಗಸರು ನಮ್ಮ ನೌಕರರು ಹೇಗಾಗುತ್ತಾರೆ ಎಂದು. ಅವರು ಯಾವಾಗ ಬೇಕಾದರೂ ಕಟ್ಟುತ್ತಾರೆ, ಮಕ್ಕಳೂ ಸೇರಿ ಕಟ್ಟುತ್ತಾರೆ, ನಮ್ಮ ಕಣ್ಣ ಮುಂದೆ ಕೆಲಸ ಮಾಡುವುದಿಲ್ಲ ಎಂದೆಲ್ಲಾ ವಾದ. 1985ರಲ್ಲಿ ಸುಪ್ರೀಂ ಕೋರ್ಟು ಪಿ.ಎಂ. ಪಟೇಲ್ ಮತ್ತು ಸನ್ಸ್ ಪ್ರಕರಣದಲ್ಲಿ ಈ ವಾದವನ್ನು ಒಪ್ಪಲಿಲ್ಲ. ಎಲೆ, ಹೊಗೆಸೊಪ್ಪು ಕೊಡುವವರು ನೀವು, ಕಟ್ಟಿದ ಬೀಡಿಯನ್ನು ಆರಿಸಿ ತೆಗೆದುಕೊಳ್ಳುವವರು, ಬೇಡವಾದದ್ದನ್ನು ತಿರಸ್ಕರಿಸುವವರು ನೀವು. ಹಾಗಾಗಿ ಮನೆಯಲ್ಲಿ ಕಟ್ಟುವವಳೂ ಪಿ.ಎಫ್. ಕಾನೂನಿನ ಪ್ರಕಾರ ನೌಕರಳೇ ಎಂಬುದು ಆ ತೀರ್ಪಿನ ಸಾರ. ದಕ್ಷಿಣ ಕನ್ನಡ, ಉಡುಪಿಯ ಸಾವಿರಾರು ಮನೆಗಳ ಹೆಂಗಸರಿಗೆ ಇದರಿಂದ ಎಷ್ಟು ಉಪಕಾರವಾಯಿತು ಎಂದು ನಮ್ಮ ಹಿರಿಯ ಸದಸ್ಯೆಯರಿಗೆ ಗೊತ್ತಿದೆ. ಮಗಳ ಮದುವೆಗೆ, ಮನೆಯ ಹಂಚಿಗೆ, ಗಂಡನ ಆಸ್ಪತ್ರೆಗೆ ಕೈಗೆ ಬಂದದ್ದು ಬೀಡಿಯ ಪಿ.ಎಫ್. ಹಣವೇ.

ಆದರೆ ಪಿ.ಎಫ್. ಬೇರೆ, ಪಿಂಚಣಿ ಬೇರೆ. 1971ರಲ್ಲಿ ಬಂದ ಹಳೆಯ ಯೋಜನೆಯಲ್ಲಿ ಕೆಲಸಗಾರ ತೀರಿಕೊಂಡರೆ ಮಾತ್ರ ಕುಟುಂಬಕ್ಕೆ ಪಿಂಚಣಿ ಇತ್ತು. ಬದುಕಿದ್ದು ಮುದುಕಿಯಾದವಳಿಗೆ ತಿಂಗಳಿಗೆ ಏನೂ ಇರಲಿಲ್ಲ. 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಬಂತು. ಇದನ್ನೇ ಇ.ಪಿ.ಎಸ್.-95 ಎನ್ನುವುದು.

ಈಗ ಲೆಕ್ಕ. ಗಮನವಿಟ್ಟು ಓದಿ, ಬೇಕಾದರೆ ಪೆನ್ಸಿಲು ಹಿಡಿದುಕೊಳ್ಳಿ. ಬೀಡಿ ಉದ್ದಿಮೆಯಲ್ಲಿ ಪಿ.ಎಫ್. ವಂತಿಗೆ ನಿಮ್ಮದು ಶೇಕಡಾ 10, ಮಾಲೀಕರದು ಶೇಕಡಾ 10. ನಿಮ್ಮ 10 ಪೂರ್ತಿ ಪಿ.ಎಫ್. ಖಾತೆಗೆ ಹೋಗುತ್ತದೆ. ಮಾಲೀಕರ ಹತ್ತರಲ್ಲಿ 8.33 ಪಿಂಚಣಿ ನಿಧಿಗೆ ಹೋಗಿ, ಉಳಿದ 1.67 ಮಾತ್ರ ನಿಮ್ಮ ಪಿ.ಎಫ್.ಗೆ ಸೇರುತ್ತದೆ. ಕೇಂದ್ರ ಸರ್ಕಾರ ತನ್ನ ಕಡೆಯಿಂದ 1.16 ಪಿಂಚಣಿ ನಿಧಿಗೆ ಸೇರಿಸುತ್ತದೆ. ತಿಂಗಳ ಮಜೂರಿ 4,200 ರೂಪಾಯಿ ಎಂದಿಟ್ಟುಕೊಂಡರೆ, ಪ್ರತಿ ತಿಂಗಳೂ ಸುಮಾರು 350 ರೂಪಾಯಿ ಮಾಲೀಕರ ಪಾಲಿನಿಂದ, 49 ರೂಪಾಯಿ ಸರ್ಕಾರದಿಂದ ಪಿಂಚಣಿಗಾಗಿ ಜಮೆಯಾಗುತ್ತದೆ. ಮಾಲೀಕರ ಪಾಲು ಎಂದ ಕೂಡಲೇ ಅದು ಅವರ ಔದಾರ್ಯ ಎಂದು ತಿಳಿಯಬೇಡಿ. ನಿಮ್ಮನ್ನು ಕೆಲಸಕ್ಕಿಟ್ಟುಕೊಂಡ ಖರ್ಚಿನಲ್ಲಿ ಅದೂ ಒಂದು. ಸಾವಿರ ಬೀಡಿಗೆ ಕೊಡುವ ಮಜೂರಿ ಇಂದು ಕೈಗೆ ಬರುತ್ತದೆ, ಇದು ಮುದಿ ವಯಸ್ಸಿನಲ್ಲಿ ಬರುತ್ತದೆ. ವ್ಯತ್ಯಾಸ ಅಷ್ಟೇ.

ಪಿಂಚಣಿ ಎಷ್ಟು ಎಂದು ಕಂಡುಹಿಡಿಯುವ ಸೂತ್ರ ಇದು: ಕೊನೆಯ 60 ತಿಂಗಳ ಸರಾಸರಿ ಮಜೂರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸೇವೆ 20 ವರ್ಷ ದಾಟಿದ್ದರೆ ಲೆಕ್ಕಕ್ಕೆ ಇನ್ನೂ 2 ವರ್ಷ ಸೇರಿಸುತ್ತಾರೆ. ಕನಿಷ್ಠ 10 ವರ್ಷದ ಸೇವೆ ಇರಬೇಕು, ವಯಸ್ಸು 58 ಆಗಬೇಕು. 1995ಕ್ಕೆ ಮುಂಚಿನ ಸೇವೆ ಇದ್ದವರಿಗೆ ಅದರ ಲೆಕ್ಕ ಬೇರೆ.

ನಮ್ಮ ಅಕ್ಕನ ಸರಾಸರಿ ಮಜೂರಿ 4,200. ಹದಿನಾರು ವರ್ಷ ಎಂದರೆ 4,200 ಗುಣಿಸು 16, ಭಾಗಿಸು 70: ಬರುವುದು 960 ರೂಪಾಯಿ. ಕನಿಷ್ಠ ಪಿಂಚಣಿಯ ನಿಯಮದಿಂದ ಅದು 1,000 ಆಗುತ್ತದೆ. ಹಿಂದಿನ ಏಳು ವರ್ಷ ಸೇರಿದರೆ ಸೇವೆ 23, ಜೊತೆಗೆ 2 ವರ್ಷ, ಒಟ್ಟು 25. 4,200 ಗುಣಿಸು 25, ಭಾಗಿಸು 70: 1,500 ರೂಪಾಯಿ. ಒಂದು ಹಳೆಯ ನಂಬರು ಕಳೆದುಹೋದದ್ದಕ್ಕೆ ತಿಂಗಳಿಗೆ 500 ರೂಪಾಯಿ ನಷ್ಟ, ಅದೂ ಜೀವ ಇರುವವರೆಗೆ. ಎರಡು ತಿಂಗಳಿಗೊಂದು ಗ್ಯಾಸ್ ಸಿಲಿಂಡರ್ ಅಂದುಕೊಳ್ಳಿ, ಇಲ್ಲವೇ ಬಿ.ಪಿ. ಮಾತ್ರೆ.

ನಾನು ಸಮಾಜಕಾರ್ಯ ಓದುವಾಗ ಪಿಂಚಣಿಯ ಬಗ್ಗೆ ಒಂದು ಪಾಠ ಇತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಪಾಸೂ ಆದೆ. ಈ ಭಾಗಾಕಾರವನ್ನು ಒಬ್ಬ ಹೆಂಗಸಿನ ಪಾಸ್‌ಬುಕ್ ಎದುರಿಟ್ಟುಕೊಂಡು ಮಾಡಿದ್ದು ಮಾತ್ರ ಬಹಳ ವರ್ಷದ ನಂತರ.

ಮುಂದಿನ ಪ್ರಶ್ನೆ: 1,000 ರೂಪಾಯಿ ಎಂಬ ಕನಿಷ್ಠ ಪಿಂಚಣಿಯಾದರೂ ಎಲ್ಲಿಂದ ಬಂತು? ಯೋಜನೆ ಆರಂಭವಾದಾಗ ಅದು ಇರಲಿಲ್ಲ. ಇನ್ನೂರು, ಮುನ್ನೂರು ರೂಪಾಯಿ ಪಿಂಚಣಿ ಪಡೆಯುವವರು ಎಷ್ಟೋ ಮಂದಿ ಇದ್ದರು. ನಿವೃತ್ತರು ಸಂಸತ್ತಿಗೆ ಮನವಿ ಕೊಟ್ಟರು. ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯಲ್ಲಿ, ಅದನ್ನು ವಿಚಾರಿಸಿ 2013ರಲ್ಲಿ ವರದಿ ಕೊಟ್ಟಿತು. ಕನಿಷ್ಠ 3,000 ರೂಪಾಯಿ ಕೊಡಬೇಕು ಎಂದು ಆ ವರದಿ ಹೇಳಿತು. ಸರ್ಕಾರ ಕೊಟ್ಟದ್ದು 1,000, 2014ರ ಸೆಪ್ಟೆಂಬರ್ 1ರಿಂದ. ಕೇಳಿದ್ದರಲ್ಲಿ ಮೂರನೇ ಒಂದು ಪಾಲು. ಆದರೂ ಮುನ್ನೂರು ಪಡೆಯುತ್ತಿದ್ದವರಿಗೆ ಅದು ಸಣ್ಣ ವಿಷಯವಲ್ಲ. ಯಾರೂ ಕೇಳದೆ ಇದ್ದಿದ್ದರೆ ಮುನ್ನೂರೇ ಇರುತ್ತಿತ್ತು.

ಅಲ್ಲಿಂದ ಹತ್ತು ವರ್ಷ ದಾಟಿ 2025 ಬಂದರೂ ಅದು 1,000ದಲ್ಲೇ ನಿಂತಿತ್ತು. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 2014ರಲ್ಲಿ ಸಾವಿರ ರೂಪಾಯಿಗೆ ಎಷ್ಟು ಕುಚ್ಚಲಕ್ಕಿ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಇದಕ್ಕಾಗಿಯೇ ಇ.ಪಿ.ಎಸ್.-95 ರಾಷ್ಟ್ರೀಯ ಸಂಘರ್ಷ ಸಮಿತಿ ಎಂಬ ಹೆಸರಿನಲ್ಲಿ ದೇಶದ ಬೇರೆ ಬೇರೆ ಕಡೆಯ ನಿವೃತ್ತರು ಒಟ್ಟಾದರು. ನಿವೃತ್ತ ಕಮಾಂಡರ್ ಅಶೋಕ್ ರಾವುತ್ ಇದರ ಮುಂದಾಳು. ಮಹಾರಾಷ್ಟ್ರದ ಬುಲ್ಢಾಣಾ ಎಂಬ ಊರಿನಲ್ಲಿ 2018ರ ಡಿಸೆಂಬರಿನಲ್ಲಿ ಇವರು ಸರದಿ ಉಪವಾಸ ಶುರುಮಾಡಿದರು. ಇಂದು ಇವರು, ನಾಳೆ ಅವರು ಎಂಬಂತೆ ವಯಸ್ಸಾದವರು ಬಂದು ಕುಳಿತರು. ಅವರ ಬೇಡಿಕೆ ಕನಿಷ್ಠ 7,500 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಗಂಡಹೆಂಡಿರಿಗೆ ಉಚಿತ ವೈದ್ಯಕೀಯ ಸೌಲಭ್ಯ. ದೆಹಲಿಯಲ್ಲಿ ಧರಣಿ, ಮಂತ್ರಿಗಳ ಭೇಟಿ, ಮನವಿ ಎಲ್ಲಾ ನಡೆದಿದೆ.

ಈ ಪಿಂಚಣಿದಾರರು ಎಷ್ಟು ಮಂದಿ ಗೊತ್ತೇ? 2025ರ ಜನವರಿಯಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ 68 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸಾರಿಗೆ ನಿಗಮದಲ್ಲಿ ಬಸ್ಸು ಓಡಿಸಿದವರಿದ್ದಾರೆ, ಗಿರಣಿಯವರಿದ್ದಾರೆ, ಸಕ್ಕರೆ ಕಾರ್ಖಾನೆಯವರಿದ್ದಾರೆ, ಗೋಡಂಬಿ ಕಾರ್ಖಾನೆಯ ಹೆಂಗಸರಿದ್ದಾರೆ, ಹಂಚಿನ ಕಾರ್ಖಾನೆಯವರಿದ್ದಾರೆ, ಬೀಡಿಯವರಿದ್ದಾರೆ. ನಾನು ಹೋದ ಒಂದೆರಡು ಸಭೆಗಳಲ್ಲಿ ಮೈಕಿನ ಮುಂದೆ ಮಾತಾಡಿದವರೆಲ್ಲಾ ಗಂಡಸರೇ. ಅವರು ಮಾತಾಡಿದ್ದು ತಪ್ಪಲ್ಲ. ಆದರೆ ಅತಿ ಕಡಿಮೆ ಪಿಂಚಣಿ ಯಾರದ್ದೋ ಅವರೇ ಅಲ್ಲಿ ಇರಲಿಲ್ಲ ಎಂದು ಬೇಸರವಾಯಿತು.

ಕೋರ್ಟಿನ ವಿಷಯವನ್ನೂ ಹೇಳಬೇಕು. 1979ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ಪಿಂಚಣಿಯ ಸೂತ್ರವನ್ನು ಉತ್ತಮಗೊಳಿಸಿತು. ಆದರೆ 1979ರ ಮಾರ್ಚ್ 31 ಎಂದು ಒಂದು ಗೆರೆ ಎಳೆದು, ಅದಕ್ಕೆ ಮುಂಚೆ ನಿವೃತ್ತರಾದವರಿಗೆ ಇಲ್ಲ ಎಂದಿತು. ಡಿ.ಎಸ್. ನಕಾರಾ ಎಂಬ ರಕ್ಷಣಾ ಇಲಾಖೆಯ ನಿವೃತ್ತ ಅಧಿಕಾರಿ, ಮತ್ತೊಬ್ಬ ನಿವೃತ್ತರು, ಹಾಗೂ ಎಚ್.ಡಿ. ಶೌರಿಯವರು ಕಟ್ಟಿದ ಕಾಮನ್ ಕಾಸ್ ಸಂಸ್ಥೆ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ಐವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಪಿಂಚಣಿ ಎಂಬುದು ಮಾಲೀಕರ ಮನಸ್ಸಿಗೆ ಬಂದಂತೆ ಕೊಡುವ ದಾನವಲ್ಲ, ದುಡಿದ ದುಡಿಮೆಗೆ ಸಿಗಬೇಕಾದ ಹಕ್ಕು, ಒಂದೇ ಬಗೆಯ ನಿವೃತ್ತರನ್ನು ತಾರೀಕಿನ ಗೆರೆ ಎಳೆದು ಎರಡು ಮಾಡುವಂತಿಲ್ಲ. ಈಗಲೂ ನಿವೃತ್ತರ ಸಂಘಗಳು ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಎಂದು ಆಚರಿಸುತ್ತವೆ. ಆ ಮೊಕದ್ದಮೆ ಸರ್ಕಾರಿ ನೌಕರರದ್ದು, ಬೀಡಿಯವರದ್ದಲ್ಲ. ಆದರೂ "ಅವರು ಕೊಟ್ಟದ್ದು" ಎಂದು ನಮ್ಮ ಅಕ್ಕಂದಿರು ಹೇಳಿದಾಗೆಲ್ಲಾ ನನಗೆ ಆ ತೀರ್ಪೇ ನೆನಪಾಗುವುದು.

2022ರ ನವೆಂಬರ್ 4ರಂದು ಇ.ಪಿ.ಎಸ್. ಬಗ್ಗೆಯೇ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಪತ್ರಿಕೆಗಳಲ್ಲಿ "ಹೆಚ್ಚಿನ ಪಿಂಚಣಿ" ಎಂದು ದೊಡ್ಡದಾಗಿ ಬಂದದ್ದು ಅದೇ. ಅದು ಪಿಂಚಣಿಯ ಮಜೂರಿ ಮಿತಿಗಿಂತ (2014ರಿಂದ 15,000 ರೂಪಾಯಿ) ಹೆಚ್ಚು ಸಂಬಳ ಪಡೆಯುತ್ತಿದ್ದವರ ವಿಷಯ. ಮನೆಯಲ್ಲಿ ಬೀಡಿ ಕಟ್ಟುವವರ ಮಜೂರಿ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ "ಹೆಚ್ಚಿನ ಪಿಂಚಣಿ ಮಾಡಿಸಿಕೊಡ್ತೇನೆ, ಐನೂರು ರೂಪಾಯಿ ಕೊಡಿ" ಎಂದು ಯಾರಾದರೂ ಮನೆಗೆ ಬಂದರೆ ಕೊಡಬೇಡಿ.

ನಿವೃತ್ತರ ಒತ್ತಾಯದಿಂದ ಸಣ್ಣಪುಟ್ಟ ಬದಲಾವಣೆಗಳೂ ಆಗಿವೆ. ಹಿಂದೆ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆದವರಿಗೆ ಆ ಭಾಗ ಮತ್ತೆ ಎಂದೂ ಸಿಗುತ್ತಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಬಂದ ಆದೇಶದಂತೆ, 2008ರ ಸೆಪ್ಟೆಂಬರ್ 25ರೊಳಗೆ ಹಾಗೆ ಪಡೆದವರಿಗೆ ಹದಿನೈದು ವರ್ಷದ ನಂತರ ಪೂರ್ತಿ ಪಿಂಚಣಿ ಮರಳಿತು. ಜೀವಿತ ಪ್ರಮಾಣಪತ್ರ ಕೊಡಲು ನವೆಂಬರಿನಲ್ಲೇ ಸಾಲು ನಿಲ್ಲಬೇಕಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬೀಡಿ ಕಟ್ಟಿ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯದಿದ್ದರೆ, ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಇದು ನಮ್ಮವರಿಗೆ ನಿಜಕ್ಕೂ ಉಪಕಾರ. ಮಗಳೋ ಮೊಮ್ಮಗನೋ ಮಾಡಿಕೊಟ್ಟಾರು.

ಇನ್ನೊಂದು ಮಾತು, ಸ್ವಲ್ಪ ನೋವಿನದ್ದು. ನಮ್ಮ ರಾಜ್ಯದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆ ಇದೆ. 65 ದಾಟಿದ ಬಡವರಿಗೆ ಕೊಡುವ ಈ ಪಿಂಚಣಿ 2021ರಲ್ಲಿ 1,200 ರೂಪಾಯಿಗೆ ಏರಿತು. ಆದರೆ ಬೇರೆ ಪಿಂಚಣಿ ಪಡೆಯುವವರಿಗೆ ಅದು ಸಿಗುವುದಿಲ್ಲ. ಅಂದರೆ ಇಪ್ಪತ್ತು ವರ್ಷ ಬೀಡಿ ಕಟ್ಟಿ ವಂತಿಗೆ ತುಂಬಿದವಳಿಗೆ 1,000, ಏನೂ ತುಂಬದವರಿಗೆ 1,200! ಒಂದು ಸಭೆಯಲ್ಲಿ ಈ ವಿಷಯಕ್ಕೆ ಇಬ್ಬರು ಸದಸ್ಯೆಯರ ನಡುವೆ ಮಾತಿಗೆ ಮಾತು ಬೆಳೆಯಿತು. "ನೀನು ಒಂದು ಬೀಡಿ ಕಟ್ಟದೆ ನನಗಿಂತ ಹೆಚ್ಚು ತಗೊಳ್ತಿ" ಎಂದು ಒಬ್ಬರು, "ನಾನು ಗದ್ದೆಯಲ್ಲಿ ನೇಜಿ ನೆಟ್ಟದ್ದು ಕೆಲಸ ಅಲ್ವಾ?" ಎಂದು ಇನ್ನೊಬ್ಬರು. ಎರಡನೆಯವರ ಮಾತೂ ಸರಿಯೇ ಅಲ್ಲವೇ? ಅವಳ ಬೆನ್ನೂ ಬಗ್ಗಿದೆ, ಅವಳಿಗೆ ವಂತಿಗೆ ತುಂಬುವ ಮಾಲೀಕ ಇರಲಿಲ್ಲ, ಅಷ್ಟೇ. 2012ರಲ್ಲಿ ಅರುಣಾ ರಾಯ್ ಮತ್ತು ಪುಣೆಯ ಹಮಾಲರ ನಾಯಕ ಬಾಬಾ ಆಢಾವ್ ಪಿಂಚಣಿ ಪರಿಷತ್ ಎಂಬ ಒಕ್ಕೂಟ ಕಟ್ಟಿ ದೆಹಲಿಯಲ್ಲಿ ಧರಣಿ ಕುಳಿತದ್ದು ಇಂಥವರಿಗಾಗಿಯೇ. ದುಡಿದ ಪ್ರತಿಯೊಬ್ಬರಿಗೂ ಕನಿಷ್ಠ ಕೂಲಿಯ ಅರ್ಧದಷ್ಟಾದರೂ ಪಿಂಚಣಿ ಬೇಕು ಎಂದು ಅವರು ಕೇಳಿದರು. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ಆಗಲೂ 200 ರೂಪಾಯಿ, 2025ರಲ್ಲೂ 200. ಉಳಿದದ್ದನ್ನು ರಾಜ್ಯಗಳೇ ತುಂಬಿಸಬೇಕು. ಹಾಗಾಗಿ ಬೀಡಿಯವರು ಗದ್ದೆಯವರನ್ನು ನೋಡಿ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ನಮ್ಮ ಸಂಘಗಳಲ್ಲಿ ಏನು ಮಾಡಬಹುದು? ದೆಹಲಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಮೊದಲು ಪೆಟ್ಟಿಗೆ ತೆಗೆಯಿರಿ. ಹಳೆಯ ಬೀಡಿ ಪುಸ್ತಕ, ಪಿ.ಎಫ್. ಚೀಟಿ, ಮುಚ್ಚಿಹೋದ ಬ್ರಾಂಚಿನ ಯಾವುದೇ ಕಾಗದ ಇದ್ದರೂ ಬಿಸಾಡಬೇಡಿ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಹುಟ್ಟಿದ ತಾರೀಕು ಇವು ಪುಸ್ತಕದಲ್ಲೂ ಆಧಾರ್‌ನಲ್ಲೂ ಒಂದೇ ಇದೆಯೇ ನೋಡಿ. ಇದನ್ನು 58 ಆದ ಮೇಲೆ ಅಲ್ಲ, ಈಗಲೇ ಮಾಡಿ. ಕೆಲಸದಲ್ಲಿರುವಾಗ ತಿದ್ದುಪಡಿ ಸುಲಭ. ಎರಡು ನಂಬರು ಇದ್ದರೆ ವರ್ಗಾವಣೆಯ ಅರ್ಜಿ ಹಾಕಿ ಒಂದು ಮಾಡಿಸಿ.

ಹರೆಯದ ಸದಸ್ಯೆಯರಿಗೆ ಒಂದು ವಿಶೇಷ ಮಾತು. ಹತ್ತು ವರ್ಷ ಆಗುವುದಕ್ಕೆ ಮುಂಚೆ ಕೆಲಸ ಬಿಟ್ಟಾಗ 10-ಸಿ ಎಂಬ ನಮೂನೆ ತುಂಬಿ ಪಿಂಚಣಿಯ ಹಣವನ್ನೂ ತೆಗೆದುಬಿಡುವವರು ಬಹಳ. ಮದುವೆ, ಹೆರಿಗೆ, ಸಾಲ ಎಂದು ಕಾರಣ ಇದ್ದೇ ಇರುತ್ತದೆ. ತೆಗೆದ ದಿನ ಕೈಗೆ ಸಿಗುವುದು ಚಿಕ್ಕ ಮೊತ್ತ, ಆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಮುಂದೆ ಮತ್ತೆ ಬೀಡಿಗೋ ಗೋಡಂಬಿಗೋ ಸೇರಿದರೆ ಒಂದರಿಂದ ಎಣಿಸಬೇಕು. ಅದೇ ನಮೂನೆಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಆ ಕಾಗದ ಇದ್ದರೆ ಹಳೆಯ ವರ್ಷಗಳು ಉಳಿಯುತ್ತವೆ. ಹಾಗೆಯೇ 50 ದಾಟಿದ ಮೇಲೆ 58ಕ್ಕೆ ಮೊದಲೇ ಪಿಂಚಣಿ ಪಡೆಯಬಹುದು ನಿಜ, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತ, ಅದೂ ಶಾಶ್ವತ. ಸಾವಿರಕ್ಕಿಂತಲೂ ಕಡಿಮೆ ಬರುತ್ತದೆ ಎಂದು ದೂರುವ ಹಲವರದ್ದು ಇದೇ ಕಾರಣ. ಕೈಯಲ್ಲಿ ಶಕ್ತಿ ಇದ್ದರೆ ಕಾಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕಾಯಲಾರದವರ ಕಷ್ಟವೂ ನನಗೆ ಗೊತ್ತು.

ಮತ್ತೆ, ಒಬ್ಬೊಬ್ಬರೇ ಹೋಗಬೇಡಿ. 2023ರಿಂದ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಎಂಬ ಹೆಸರಿನಲ್ಲಿ ಪಿ.ಎಫ್. ಇಲಾಖೆಯವರೇ ಬಂದು ಅಹವಾಲು ಕೇಳುವ ಏರ್ಪಾಡು ಮಾಡಿದ್ದಾರೆ. ಎಲ್ಲಿ ಎಂದು ಮುಂಚೆ ವಿಚಾರಿಸಿಕೊಂಡು ಆರೇಳು ಮಂದಿ ಸೇರಿ ಹೋಗಿ. ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ "ನನ್ನ ಸೇವೆಯ ವಿವರ ಕೊಡಿ" ಎಂದು ಕೇಳಬಹುದು. ಬಿ.ಪಿ.ಎಲ್. ಕುಟುಂಬದವರಿಗೆ ಶುಲ್ಕವೂ ಇಲ್ಲ.

ನಮ್ಮ ಅಕ್ಕನೂ ನಾಲ್ಕನೆಯ ಸಲ ಒಬ್ಬರೇ ಹೋಗಲಿಲ್ಲ. ಹಳೆಯ ಬ್ರಾಂಚಿಗೆ ಕಟ್ಟುತ್ತಿದ್ದ ಇನ್ನೂ ಆರು ಮಂದಿಯನ್ನು ಹುಡುಕಿದರು. ಏಳು ಜನರ ಹೆಸರು, ಹಳೆಯ ನಂಬರು, ಹೊಸ ನಂಬರು, ಎಷ್ಟರಿಂದ ಎಷ್ಟರವರೆಗೆ ಎಂದು ಸಂಘದ ಲೆಕ್ಕದ ಪುಸ್ತಕದ ಹಾಗೆಯೇ ಗೆರೆ ಎಳೆದು ಒಂದು ಪಟ್ಟಿ ಮಾಡಿದರು. ಪಟ್ಟಿ ಬರೆದದ್ದು ಅವರ ಸೊಸೆ. ಅದನ್ನು ಹಿಡಿದು ಏಳು ಜನರೂ ಹಳೆಯ ಕಂಟ್ರಾಕ್ಟರರ ಮನೆಗೆ ಹೋದರು. ಅವರು ಮೊದಲು "ರಿಜಿಸ್ಟರ್ ಎಲ್ಲಾ ಗೆದ್ದಲು ತಿಂದಿದೆ" ಎಂದರಂತೆ. ಏಳು ಜನ ಜಗಲಿಯಿಂದ ಏಳದೆ ಕುಳಿತಾಗ ಅಟ್ಟದಿಂದ ಎರಡು ರಿಜಿಸ್ಟರ್ ಇಳಿದು ಬಂತು! ಮಧ್ಯೆ ಕೊರೊನಾ ಬಂದು ತಡವಾಯಿತು. 2021ರಲ್ಲಿ ಅಕ್ಕನ ಪಾಸ್‌ಬುಕ್ಕಿನಲ್ಲಿ 1,500 ಎಂದು ಬಂತು, ಬಾಕಿಯೂ ಬಂತು.

ಆ ಏಳು ಜನರಲ್ಲಿ ಐವರದ್ದು ಸರಿಯಾಗಿದೆ. ಒಬ್ಬರು ಅಷ್ಟರಲ್ಲಿ ತೀರಿಕೊಂಡರು. ಅವರ ಗಂಡನಿಗೆ ಸಿಗಬೇಕಾದ ಅರ್ಧ ಪಿಂಚಣಿಗೆ ಅರ್ಜಿ ಹಾಕಿಸಿದ್ದೇವೆ. ಉಳಿದ ಒಬ್ಬರ ಹುಟ್ಟಿದ ತಾರೀಕು ಮೂರು ಕಾಗದದಲ್ಲಿ ಮೂರು ಬಗೆ ಇದೆ, ಅದು ಇನ್ನೂ ನಡೆಯುತ್ತಾ ಉಂಟು. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಜಗಲಿಯಲ್ಲಿ ಬೇರೆ ಬ್ರಾಂಚಿನವರೂ ಬಂದು ಕೂರುತ್ತಾರೆ. ಮುಂದಿನ ಸಲ ಬರುವಾಗ ಹಳೆಯ ಪುಸ್ತಕದ ಜೊತೆಗೆ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಎರಡೆರಡು ಪ್ರತಿ ತರಬೇಕೆಂದು ಅಕ್ಕ ಎಲ್ಲರಿಗೂ ಹೇಳಿ ಕಳುಹಿಸಿದ್ದಾರೆ.